ಜೋಡಿಬೆರಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಸುಳ್ಳು. ಮೂಗಿನ ತುದಿಯಲ್ಲಿ ಕಾಯುವಷ್ಟು ತಾಳ್ಮೆ ನನ್ನ ಕೋಪಕ್ಕೆಲ್ಲಿದೆ, ಅದು ಸೀದಾ ಬಾಯಿಗೇ ಬರುತ್ತದೆ. ಆ ದಿನ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ತಂಗಿಯ ಫೋನ್ ಬಂದಾಗಲೂ ಹಾಗೇ ಆಯಿತು. ಅವಳು "ಅಕ್ಕಾ, ಮತ್ತೆ ಹಂಗೇ ಆಯ್ತು" ಎಂದಳು. ಏನಾಯಿತು, ಯಾರಿಗಾಯಿತು ಎಂದು ಕೇಳುವ ಮೊದಲೇ ನಾನು "ಈ ಸಲ ಎಷ್ಟು ಸಲ ಒತ್ತಿದೆ?" ಎಂದುಬಿಟ್ಟೆ.

ತಂಗಿ ಆಸ್ಪತ್ರೆಯ ರಕ್ತನಿಧಿಯಲ್ಲಿ ಟೆಕ್ನೀಷಿಯನ್. ನಾನು ಆ ಆಸ್ಪತ್ರೆಯ ಪೋರ್ಟಲ್ ಕಟ್ಟಿದ ಕಂಪನಿಯವಳು. ಪೋರ್ಟಲ್ ಅಂದರೆ ದೊಡ್ಡ ವಿಷಯವೇನಲ್ಲ. ಒಂದೇ ಪುಟ, ಅದರೊಳಗೆ ನಾಲ್ಕಾರು ಪುಟ್ಟ ಕಿಟಕಿ. ಒಂದೊಂದು ಕಿಟಕಿಯೂ ಬೇರೆ ಬೇರೆ ಪ್ರೋಗ್ರಾಂ, ಅದನ್ನು ನಾವು ಪೋರ್ಟ್‌ಲೆಟ್ ಅನ್ನುತ್ತೇವೆ. ಒಂದರಲ್ಲಿ ಡ್ಯೂಟಿ ಪಟ್ಟಿ, ಇನ್ನೊಂದರಲ್ಲಿ ಫ್ರಿಜ್‌ಗಳ ತಾಪಮಾನ, ಮತ್ತೊಂದರಲ್ಲಿ ರಕ್ತದ ಚೀಲ ಕಾದಿರಿಸುವ ಕೆಲಸ. ಯಾರಿಗೆ ಯಾವ ಕಿಟಕಿ ಬೇಕೋ ಅದನ್ನು ತಮ್ಮ ಪುಟಕ್ಕೆ ಎಳೆದು ಇಟ್ಟುಕೊಳ್ಳಬಹುದು. ಅಲ್ಲಿನ ಸಿಬ್ಬಂದಿಗೆ ಅದನ್ನು ಕಲಿಸಿದವಳೂ ನಾನೇ. ಚೀಲ ಕಾದಿರಿಸುವ ಕಿಟಕಿಯಂತೂ ಮೊದಲಿಂದ ಕೊನೆಯ ಸಾಲಿನವರೆಗೆ ನನ್ನದೇ.

ಅದರ ಕ್ರಮ ಹೀಗಿದೆ. ರೋಗಿಯ ಹೆಸರು ಆರಿಸಿ 'ಕಾದಿರಿಸು' ಒತ್ತಿದರೆ ಒಂದು ಚೀಲಕ್ಕೆ ಆ ರೋಗಿಯ ಹೆಸರಿನಲ್ಲಿ ಬೀಗ ಬೀಳುತ್ತದೆ. ಬೀಗ ಬಿದ್ದ ಮೇಲೇ ಚೀಟಿ ಅಚ್ಚಾಗುವುದು, ಚೀಟಿ ತೋರಿಸಿದ ಮೇಲೇ ಫ್ರಿಜ್ಜಿನ ಡ್ರಾಯರ್ ತೆರೆಯುವುದು. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗಬಾರದೆಂದು ಮಾಡಿದ ಕ್ರಮ. ತೀರಾ ತುರ್ತಿದ್ದರೆ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೀಲಿಕೈ ಇರುತ್ತದೆ. ರಕ್ತನಿಧಿಯ ಅಧಿಕಾರಿಯ ಅನುಮತಿ ಪಡೆದು ಗಾಜು ಒಡೆದು ತೆಗೆಯಬೇಕು.

ಹಿಂದಿನ ಎರಡು ತಿಂಗಳಲ್ಲಿ ತಂಗಿ ಆ ಗಾಜನ್ನು ಎರಡು ಸಲ ಒಡೆದಿದ್ದಳು. ಎರಡು ಸಲವೂ ಅವಳು ಹೇಳಿದ್ದು ಒಂದೇ ಮಾತು: ನಾನು ಒತ್ತಿದ್ದು ಒಂದು ಸಲ, ಬೀಗ ಬಿದ್ದಿದ್ದು ಹಲವು ಚೀಲಕ್ಕೆ. ಮೊದಲ ಸಲ ಮೂರು ಚೀಲ, ಎರಡನೆಯ ಸಲ ಐದು. ಆಸ್ಪತ್ರೆಯವರು ನಮ್ಮ ಕಂಪನಿಯನ್ನು ಕೇಳಿದರು, ಕಂಪನಿ ನನ್ನನ್ನು ಕೇಳಿತು. ಯಾರಿಂದ ಯಾವಾಗ ಏನು ಕೋರಿಕೆ ಬಂತೆಂದು ಯಂತ್ರ ತಾನೇ ಬರೆದಿಡುವ ಪಟ್ಟಿಗೆ ಲಾಗ್ ಅನ್ನುತ್ತೇವೆ, ನಾನು ಅದನ್ನು ತೆಗೆದು ಎಣಿಸಿದೆ. ಎಷ್ಟು ಚೀಲವೋ ಅಷ್ಟು ಸಲ ಅವಳ ಲಾಗಿನ್‌ನಿಂದ ಕೋರಿಕೆ ಬಂದಿತ್ತು. ಬೇರೆ ಯಾರ ಹೆಸರಿನಲ್ಲೂ ಹೀಗಾಗಿರಲಿಲ್ಲ. ತಂತ್ರಾಂಶ ಸರಿಯಿದೆ, ಬಳಸುವವರು ಮತ್ತೆ ಮತ್ತೆ ಒತ್ತಿದ್ದಾರೆ ಎಂದು ವರದಿ ಬರೆದು ಸಹಿ ಹಾಕಿದೆ. ಒಡಹುಟ್ಟಿದವಳೆಂದು ಬಿಟ್ಟುಕೊಟ್ಟಳು ಅನ್ನಿಸಿಕೊಳ್ಳಬಾರದಲ್ಲ, ಅದಕ್ಕೆ 'ಹೆಚ್ಚಿನ ಎಚ್ಚರ ಅಗತ್ಯ' ಎಂಬ ಸಾಲೊಂದನ್ನು ಯಾರೂ ಕೇಳದಿದ್ದರೂ ಸೇರಿಸಿದೆ. ಆ ಸಾಲನ್ನೇ ಎತ್ತಿಕೊಂಡು ಅಧಿಕಾರಿ ಅವಳಿಗೆ ಮೆಮೊ ಕೊಟ್ಟರು. ಅನುಮತಿಯಿಲ್ಲದೆ ಇನ್ನೊಮ್ಮೆ ಗಾಜು ಒಡೆದರೆ ಕೆಲಸದಿಂದ ವಜಾ.

ಮನೆಯಲ್ಲೂ ನಾನು ಸುಮ್ಮನಿರಲಿಲ್ಲ. ಒಂದು ಭಾನುವಾರ ಅವಳು ಬಂದು ಬೆಲ್ ಒತ್ತಿದಾಗ, "ಒಂದೇ ಸಲ ಕೇಳಿಸ್ತಲ್ಲ, ಇದು ನಮ್ಮ ಜೋಡಿಬೆರಳು ಆಗಿರಲಿಕ್ಕಿಲ್ಲ" ಎಂದೆ. ಮಕ್ಕಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವಳು ಜೋಡಿಬೆರಳು ಚಿಕ್ಕಮ್ಮ. ಅಮ್ಮ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅವಳೂ ನಕ್ಕಳು. ಆಮೇಲೆ ಅವಳು ಬೆಲ್ ಒತ್ತುವುದನ್ನೇ ಬಿಟ್ಟು ಬಾಗಿಲು ತಟ್ಟತೊಡಗಿದಳು. ನನಗೆ ಅದೂ ತಮಾಷೆಯಾಗಿ ಕಂಡಿತು.

ಈಗ ಫೋನಿನಲ್ಲಿ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಹತ್ತು ಐವತ್ತೈದಕ್ಕೆ, ಮರುದಿನ ಆಪರೇಷನ್ ಇರುವ ಒಬ್ಬ ಮುದುಕನಿಗೆ ಓ ನೆಗೆಟಿವ್ ಚೀಲವೊಂದನ್ನು ಕಾದಿರಿಸಿದ್ದಳು. ಫ್ರಿಜ್ಜಿನ ತಾಪ ಸ್ವಲ್ಪ ಏರಿದಂತೆ ಕಂಡಿದ್ದರಿಂದ ಪರದೆಯ ಮುಂದೆಯೇ ನೋಡುತ್ತ ಕೂತಿದ್ದಳು. ಅಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದ ಕರೆ. ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ನಾಲ್ಕು ಚೀಲ ತಕ್ಷಣ ಬೇಕು. ನೋಡಿದರೆ ಆ ಗುಂಪಿನ ಆರಕ್ಕೆ ಆರೂ ಚೀಲ ಮುದುಕನ ಹೆಸರಿನಲ್ಲಿ ಬೀಗ ಬಿದ್ದು ಕೂತಿವೆ. ಅಧಿಕಾರಿ ಸಭೆಯಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ.

"ಗಾಜು ಒಡೀಲಾ?" ಎಂದಳು.

ಬೇಡವೇ ಬೇಡ ಎಂದೆ. ಬೀಗ ಬಿಡಿಸುವ ದಾರಿ ನನ್ನ ಹತ್ತಿರವೇ ಇದೆ, ನಾಲ್ಕೇ ನಿಮಿಷ, ನಾಲ್ಕೂ ಬಿಡಿಸಿ ಹೇಳುತ್ತೇನೆ, ಅಲ್ಲಿಯವರೆಗೆ ನಿನ್ನ ಕೈಯನ್ನು ಮೌಸಿನ ಹತ್ತಿರವೂ ತರಬೇಡ ಎಂದೆ. ಫೋನನ್ನು ಸ್ಪೀಕರಿಗೆ ಹಾಕಿ ಮೇಷ್ಟ್ರನ್ನು ಕೂಗಿದೆ.

ಮೇಷ್ಟ್ರು ನಮ್ಮ ಕಂಪನಿಯ ಹಿರಿಯರು. ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ನಲವತ್ತರ ಮೇಲೆ ಪ್ರೋಗ್ರಾಂ ಬರೆಯಲು ಕಲಿತವರು, ನನಗೆ ಈ ಕೆಲಸ ಕಲಿಸಿದವರು. ಬೀಗ ಬಿಡಿಸಬೇಕಾದರೆ ಇಬ್ಬರ ಗುಟ್ಟಿನ ಪದ ಬೇಕು, ನನ್ನದೊಂದು, ಅವರದೊಂದು. ಚೀಲದ ಸಂಖ್ಯೆ, ಕಾರಣ, ನನ್ನ ಪದ, ಅವರ ಪದ, ಹೀಗೆ ಒಂದೊಂದು ಚೀಲಕ್ಕೂ ಮೊದಲಿಂದ ಶುರು. ಅವರು ಬಂದು ಬಗ್ಗಿ ಒಂದೇ ಬೆರಳಿನಲ್ಲಿ ಒತ್ತತೊಡಗಿದರು. ಆ ನಿಧಾನ ನೋಡಿ ನನ್ನ ಮೈ ಪರಚಿಕೊಳ್ಳುವ ಹಾಗಾಯಿತು.

ಹನ್ನೊಂದು ಹದಿನಾಲ್ಕಕ್ಕೆ ಮೊದಲ ಚೀಲ ಬಿಡುಗಡೆಯಾಯಿತು. ಹದಿನೈದಕ್ಕೆ ಎರಡನೆಯದು. ಹದಿನಾರಕ್ಕೆ ಮೂರನೆಯದನ್ನು ಬಿಡಿಸಿ ಪಟ್ಟಿ ನೋಡಿದೆ. ಬೀಗವಿಲ್ಲದ ಚೀಲ ಒಂದೇ ಒಂದು. ಬಿಡಿಸಿದ ಮೊದಲೆರಡು ಚೀಲ ಮತ್ತೆ ಅದೇ ಮುದುಕನ ಹೆಸರಿಗೆ ಹೋಗಿದ್ದವು.

"ಮುಟ್ಟಬೇಡ ಅಂದೆನಲ್ಲೇ" ಎಂದು ಕಿರುಚಿದೆ.

"ಮುಟ್ಟಿಲ್ಲ ಅಕ್ಕಾ."

"ಮುಟ್ಟದೆ ತಾನಾಗೇ ಬೀಳುತ್ತಾ? ನಾನು ಇಲ್ಲಿ ಬಿಡಿಸ್ತಾ ಇದೀನಿ, ನೀನು ಅಲ್ಲಿ ಹಾಕ್ತಾ ಇದೀಯ. ದೂರ ನಿಂತ್ಕೋ."

"ದೂರಾನೇ ನಿಂತಿದೀನಿ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ನಾನು ಕೈ ಅಡ್ಡ ಹಿಡಿದೆ. ನಾಲ್ಕನೆಯ ಚೀಲದ ಸಂಖ್ಯೆ ಹೊಡೆಯುತ್ತಿದ್ದಾಗ ನನ್ನ ಕಣ್ಣೆದುರಿಗೇ ಬೀಗವಿಲ್ಲದ ಆ ಒಂದೂ ಮುದುಕನ ಹೆಸರಿಗೆ ಹೋಯಿತು. ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನಿನ್ನಂಥವಳ ಕೈಗೆ ರಕ್ತ ಕೊಟ್ಟವರಿಗೆ ಬುದ್ಧಿಯಿಲ್ಲ ಎಂಬ ಅರ್ಥದ ಮಾತು.

ಆ ಕಡೆ ಫೋನು ಕೈ ಬದಲಾಯಿಸಿದ್ದು ಕೇಳಿಸಿತು. ವಯಸ್ಸಾದ ಹೆಂಗಸಿನ ದನಿ. ರಕ್ತ ಒಯ್ಯಲು ಥಿಯೇಟರಿನಿಂದ ಡಬ್ಬ ಹಿಡಿದು ಬಂದಿದ್ದ ಆಯಾ.

"ಮೇಡಂ, ನೀವ್ಯಾರೋ ನಂಗೊತ್ತಿಲ್ಲ. ನಾನು ಬಂದಾಗಿಂದ ನೋಡ್ತಾ ಇದೀನಿ. ಇವರು ಎರಡೂ ಕೈ ತಲೆ ಮೇಲೆ ಇಟ್ಕೊಂಡು ಗೋಡೆಗೆ ಒರಗಿ ನಿಂತವ್ರೆ. ಯಾರೂ ಏನೂ ಮುಟ್ಟಿಲ್ಲ."

"ಹಾಗಾದ್ರೆ ದೆವ್ವ ಬಂದು ಒತ್ತುತ್ತಾ?" ಎಂದೆ.

ಫೋನು ಮತ್ತೆ ತಂಗಿಯ ಕೈಗೆ ಹೋಯಿತು. ಈಗ ಅವಳ ದನಿ ನಡುಗುತ್ತಿರಲಿಲ್ಲ.

"ಒಳಗೆ ಒಬ್ಬಳು ಸಾಯ್ತಾ ಇದಾಳೆ ಅಕ್ಕಾ. ನಾನು ಗಾಜು ಒಡೀತೀನಿ."

"ಒಡೆದರೆ ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ."

ಗಾಜು ಒಡೆದ ಸದ್ದು ನಮ್ಮ ಕೋಣೆಯವರೆಗೂ ಕೇಳಿಸಿತು. ಆಯಾ ಏನೋ ಅಂದಳು, ಡ್ರಾಯರ್ ಎಳೆದ ಸದ್ದಾಯಿತು, ಫೋನ್ ಕಡಿದುಹೋಯಿತು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

"ಆಯಮ್ಮ ಏನಂದ್ರು?" ಎಂದರು ಮೇಷ್ಟ್ರು.

"ಕೈ ತಲೆ ಮೇಲಿತ್ತಂತೆ."

"ಅವರಿಗೆ ಸುಳ್ಳು ಹೇಳಿ ಏನಾಗಬೇಕಿದೆ? ಲಾಗ್ ತೆಗಿ. ಎಣಿಸಬೇಡ. ಹೊತ್ತು ನೋಡು, ಸೆಕೆಂಡಿನ ಸಮೇತ."

ತೆಗೆದೆ. ಹತ್ತು ಐವತ್ತೈದು, ಹನ್ನೆರಡನೆಯ ಸೆಕೆಂಡು. ಹತ್ತು ಐವತ್ತಾರು, ಹನ್ನೆರಡನೆಯ ಸೆಕೆಂಡು. ಐವತ್ತೇಳು, ಹನ್ನೆರಡು. ಐವತ್ತೆಂಟು, ಹನ್ನೆರಡು. ಹೀಗೆ ಹನ್ನೊಂದು ಹದಿನೇಳರವರೆಗೂ ಒಂದು ನಿಮಿಷವೂ ತಪ್ಪದೆ ಕೋರಿಕೆ ಬಂದಿತ್ತು. ಇದ್ದದ್ದೇ ಆರು ಚೀಲ, ಅವು ಮುಗಿದ ಮೇಲೂ ಕೋರಿಕೆ ಬರುತ್ತಲೇ ಇತ್ತು. ಹಳೆಯ ಎರಡು ದಿನಗಳ ಲಾಗನ್ನೂ ತೆಗೆದೆ. ಒಂದು ದಿನ ಪ್ರತಿ ನಿಮಿಷದ ನಲವತ್ತೊಂದನೆಯ ಸೆಕೆಂಡು, ಇನ್ನೊಂದು ದಿನ ಏಳನೆಯದು. ಅದೇ ಸಾಲುಗಳನ್ನು ನಾನು ಬೆರಳಿಟ್ಟು ಎಣಿಸಿ ವರದಿ ಬರೆದಿದ್ದೆ. ಸೆಕೆಂಡಿನ ಅಂಕಿ ಕಣ್ಣ ಮುಂದೆಯೇ ಇದ್ದರೂ ನೋಡಿರಲಿಲ್ಲ. ತಪ್ಪು ಯಾರದೆಂದು ಮೊದಲೇ ಗೊತ್ತಿದ್ದವಳಿಗೆ ನೋಡುವ ಗರಜು ಎಲ್ಲಿಂದ ಬರಬೇಕು?

ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ನಿನ್ನ ತಂಗಿಯ ಪುಟದಲ್ಲಿ ಏನೇನಿದೆ ನೋಡು ಎಂದರು. ಯಾರು ಯಾವ ಕಿಟಕಿಯನ್ನು ಎಲ್ಲಿಟ್ಟುಕೊಂಡಿದ್ದಾರೆಂಬುದು ಪೋರ್ಟಲಿನಲ್ಲಿ ಉಳಿದಿರುತ್ತದೆ. ಅವಳ ಪುಟ ತೆರೆದೆ. ಎಡಗಡೆ ಚೀಲ ಕಾದಿರಿಸುವ ಕಿಟಕಿ, ಬಲಗಡೆ ಎರಡು ತಿಂಗಳ ಹಿಂದಷ್ಟೇ ಎಳೆದಿಟ್ಟುಕೊಂಡ ಫ್ರಿಜ್ಜಿನ ತಾಪಮಾನ. ತಾಪಮಾನದ ಕಿಟಕಿ ನಿಮಿಷಕ್ಕೊಮ್ಮೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ. ಪೋರ್ಟಲಿನ ಸ್ವಭಾವವೇ ಹಾಗೆ, ಒಂದು ಕಿಟಕಿ ಅಲುಗಿದರೆ ಇಡೀ ಪುಟ ಮತ್ತೆ ಬರುತ್ತದೆ, ಪಕ್ಕದ ಕಿಟಕಿಗಳಿಗೂ 'ನಿನ್ನನ್ನು ಇನ್ನೊಮ್ಮೆ ತೋರಿಸು' ಎಂಬ ಅಪ್ಪಣೆ ಹೋಗುತ್ತದೆ.

ರಕ್ತನಿಧಿಯ ಬೇರೆಯವರ ಪುಟಗಳನ್ನೂ ತೆಗೆದು ನೋಡಿದೆ. ಹತ್ತು ಜನ. ಒಬ್ಬರ ಪುಟದಲ್ಲೂ ತಾಪಮಾನದ ಕಿಟಕಿ ಇರಲಿಲ್ಲ. ಚೀಲ ಕಾದಿರಿಸುತ್ತಲೂ ಫ್ರಿಜ್ಜಿನ ಮೇಲೆ ಕಣ್ಣಿಟ್ಟವಳು ಇವಳೊಬ್ಬಳೇ.

ನಾವು ಬಳಸುವ ಚೌಕಟ್ಟಿನಲ್ಲಿ ಕೆಲಸವನ್ನು ಮೂರು ಪಾಲು ಮಾಡುತ್ತೇವೆ. ಮಾಡೆಲ್ ಅಂದರೆ ವಿವರ ಹೊತ್ತಿರುವುದು, ವ್ಯೂ ಅಂದರೆ ಅದರ ಮುಖ, ನಡುವೆ ನಿಂತು ಇಬ್ಬರನ್ನೂ ಆಡಿಸುವುದು ಕಂಟ್ರೋಲರ್. ಪೋರ್ಟ್‌ಲೆಟ್‌ನಲ್ಲಿ ಆ ಕಂಟ್ರೋಲರಿಗೆ ಮತ್ತೆ ಎರಡು ಹೊತ್ತಿನ ದುಡಿಮೆ. ಗುಂಡಿ ಒತ್ತಿದಾಗ ಒಂದೇ ಒಂದು ಸಲ ಕೆಲಸ ಮಾಡುವುದು ಮೊದಲನೆಯದು. ಮುಖ ತೋರಿಸುವುದು ಎರಡನೆಯದು, ಅದು ಎಷ್ಟು ಸಲ ಬೇಕಾದರೂ ನಡೆಯಬಹುದು. ಮೇಷ್ಟ್ರು ನನಗೆ ಕಲಿಸಿದ ಮೊದಲ ಪಾಠವೇ ಇದು. ಅವರ ಕೈಬರಹದಲ್ಲಿ ಈಗಲೂ ನಮ್ಮ ಗೋಡೆಯ ಬೋರ್ಡಿನ ಮೂಲೆಯಲ್ಲಿದೆ: 'ತೋರಿಸುವ ಕಡೆ ಬರೀ ತೋರಿಸಿ, ಏನೂ ಮಾಡಬೇಡಿ.' ಬೋರ್ಡ್ ಒರೆಸುವಾಗಲೆಲ್ಲ ಆ ಮೂಲೆಯನ್ನು ಬಿಟ್ಟು ಒರೆಸುತ್ತೇವೆ.

ನಾನು ನನ್ನದೇ ಫೈಲು ತೆರೆದೆ. ತೆರೆಯುವ ಮೊದಲೇ ಗೊತ್ತಾಗಿತ್ತು ಅಂದರೂ ತಪ್ಪಲ್ಲ. ಚೀಲಕ್ಕೆ ಬೀಗ ಹಾಕುವ ಮೂರು ಸಾಲು ತೋರಿಸುವ ಕಡೆ ಕೂತಿದ್ದವು, ಅಂದರೆ ಕಿಟಕಿ ಮುಖ ತೋರಿಸಿದಾಗಲೆಲ್ಲ ಅದೇ ರೋಗಿಯ ಹೆಸರಿಗೆ ಇನ್ನೊಂದು ಚೀಲ. ಅವುಗಳ ಮೇಲೆ ನನ್ನದೇ ಟಿಪ್ಪಣಿ: 'ತಾತ್ಕಾಲಿಕ. ನಾಳೆ ಸರಿ ಮಾಡಬೇಕು.' ತಾರೀಖು ನೋಡಿದರೆ ನಾಲ್ಕು ವರ್ಷ ಹಳೆಯದು.

ಆ ದಿನ ನೆನಪಿಗೆ ಬಂತು. ಬೀಗ ಬಿದ್ದ ಚೀಲದ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಬೇಕಿತ್ತು. ಮಾಡುವ ಕಡೆ ಸಿಕ್ಕ ಸಂಖ್ಯೆ ತೋರಿಸುವ ಕಡೆಗೆ ಬರುವಷ್ಟರಲ್ಲಿ ಕಳೆದುಹೋಗುತ್ತಿತ್ತು. ಬೆಳಗಿನಿಂದ ಗುದ್ದಾಡಿ ತಲೆ ಕೆಟ್ಟು, ಆ ಮೂರು ಸಾಲನ್ನೇ ಎತ್ತಿ ಈ ಕಡೆ ಇಟ್ಟೆ. ಸಂಖ್ಯೆ ಕಾಣಿಸಿತು. ನಾಲ್ಕಾರು ಸಲ ಪರೀಕ್ಷೆ ಮಾಡಿದೆ, ನನ್ನ ಪುಟದಲ್ಲಿ ಅದೊಂದೇ ಕಿಟಕಿ, ಪಕ್ಕದಲ್ಲಿ ಬೇರೇನೂ ಇರಲಿಲ್ಲ. ಚೀಲ ಕಾದಿರಿಸಿ ಚೀಟಿಯ ಪುಟಕ್ಕೆ ಹೋಗುವವರಿಗೆ ಯಾವ ತೊಂದರೆಯೂ ಆಗದು. ಅಲ್ಲೇ ನಿಂತು ಫ್ರಿಜ್ಜನ್ನು ಕಾಯುವವಳಿಗೆ ಮಾತ್ರ ನಿಮಿಷಕ್ಕೊಂದು ಚೀಲ.

ಕಣ್ಣಾರೆ ನೋಡದೆ ನಂಬುವುದು ಬೇಡ ಎಂದರು ಮೇಷ್ಟ್ರು. ಪರೀಕ್ಷೆಯ ಯಂತ್ರದಲ್ಲಿ ಅವಳ ಹಾಗೇ ಎರಡು ಕಿಟಕಿ ಪಕ್ಕಪಕ್ಕ ಇಟ್ಟೆವು. ಆರು ಸುಳ್ಳು ಚೀಲ, ಒಬ್ಬ ಸುಳ್ಳು ರೋಗಿ. ಒಂದು ಸಲ ಒತ್ತಿದೆ. ಉಳಿದದ್ದು ಐದು. ನಾನು ಎರಡೂ ಕೈ ಎತ್ತಿ ತಲೆ ಮೇಲಿಟ್ಟುಕೊಂಡೆ. ಅರವತ್ತೆಂಟರ ಮೇಷ್ಟ್ರೂ ಏನೂ ಕೇಳದೆ ಕೈ ಎತ್ತಿ ತಲೆ ಮೇಲಿಟ್ಟುಕೊಂಡರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೂವತ್ತು ಸೆಕೆಂಡು. ನಲವತ್ತು. ತೋಳು ನೋಯತೊಡಗಿತು. ಪುಟ ಒಮ್ಮೆ ಮಿನುಗಿತು, ತಾಪಮಾನ ಹೊಸದಾಯಿತು, ಪಕ್ಕದ ಕಿಟಕಿಯಲ್ಲಿ ಐದು ಇದ್ದದ್ದು ನಾಲ್ಕಾಯಿತು.

"ಮೇಷ್ಟ್ರೇ" ಎಂದೆ. ಅವರು ಬೋರ್ಡಿನ ಕಡೆ ನೋಡಲೂ ಇಲ್ಲ. ಅದು ಅವರ ದೊಡ್ಡತನ.

ಹನ್ನೆರಡೂವರೆಗೆ ತಂಗಿಯ ಸಂದೇಶ ಬಂತು. 'ನಾಲ್ಕೂ ಚೀಲ ಹೋಯಿತು. ತಾಯಿ ಉಳಿದಳು, ಮಗುವೂ ಚೆನ್ನಾಗಿದೆ. ಮೂರು ಗಂಟೆಗೆ ನನ್ನನ್ನು ಕರೆದಿದ್ದಾರೆ. ಅಮ್ಮನಿಗೆ ಹೇಳಬೇಡ.' ಮರಳಿ ಫೋನ್ ಮಾಡಿದೆ, ಸ್ವಿಚ್ ಆಫ್. ಮೂರು ಸಲ ಮಾಡಿದೆ, ಮೂರು ಸಲವೂ ಅದೇ.

ಮ್ಯಾನೇಜರಿಗೆ ಹೇಳದೆ ಹೋಗುವ ಹಾಗಿರಲಿಲ್ಲ. ಆತ ಕೆಟ್ಟ ಮನುಷ್ಯನಲ್ಲ, ಆದರೆ ಯಾವುದನ್ನೂ ಅದರ ಹೆಸರು ಹಿಡಿದು ಕರೆಯುವ ಅಭ್ಯಾಸ ಆತನಿಗಿಲ್ಲ. ಪೂರ್ತಿ ಕೇಳಿಸಿಕೊಂಡು, ಇವತ್ತೇ ಸರಿ ಮಾಡಿಬಿಡಿ, ಅದನ್ನು ಸುಧಾರಣೆ ಅಂತ ಕಳಿಸೋಣ ಎಂದ. ಮುಂದಿನ ತಿಂಗಳು ಆಸ್ಪತ್ರೆಯೊಂದಿಗಿನ ಒಪ್ಪಂದ ಹೊಸದಾಗಬೇಕು, ಆಮೇಲೆ ನಿಧಾನವಾಗಿ ನಿಮ್ಮ ತಂಗಿಯ ವಿಷಯ ಮಾತಾಡೋಣ, ಅಷ್ಟರೊಳಗೆ ಅವರಿಗೂ ಎಲ್ಲಾದರೂ ಬೇರೆ ಕಡೆ ಸಿಕ್ಕಿರುತ್ತದೆ ಎಂದ. ಆ ಎರಡು ವರದಿಯ ಮೇಲಿರುವುದು ಕಂಪನಿಯ ಸಹಿಯಲ್ಲ, ನಿಮ್ಮದು, ಅದನ್ನು ಯೋಚಿಸಿದ್ದೀರಾ ಎಂದೂ ಕೇಳಿದ. ಯೋಚಿಸಿದ್ದೆ. ಅರ್ಧ ಗಂಟೆಯಿಂದ ಬೇರೇನನ್ನೂ ಯೋಚಿಸಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಇಪ್ಪತ್ತು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣು ಪಾಲಾಗುತ್ತದೆಂಬ ಹೆದರಿಕೆ. ಅವನೆದುರು ಅದನ್ನು ತೋರಿಸಿಕೊಳ್ಳಬಾರದೆಂದು ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದುಕೊಂಡು ಬಂದೆ.

ಲಾಗಿನ ಹಾಳೆಗಳು, ನನ್ನ ಫೈಲಿನ ಆ ಒಂದು ಪುಟ, ಇಷ್ಟನ್ನು ಅಚ್ಚು ಹಾಕಿಕೊಂಡೆ. ಮೇಷ್ಟ್ರು ನಾನೂ ಬರಲಾ ಎಂದರು. ಬೇಡ, ನೀವು ಬಂದರೆ ನಿಮ್ಮ ಹಿಂದೆ ಬಚ್ಚಿಟ್ಟುಕೊಳ್ಳುತ್ತೇನೆ ಎಂದೆ.

ಆಸ್ಪತ್ರೆ ಮುಟ್ಟಿದಾಗ ಮೂರು ದಾಟಿ ಐದು ನಿಮಿಷವಾಗಿತ್ತು. ಲಿಫ್ಟ್ ಮೇಲೆಲ್ಲೋ ನಿಂತಿತ್ತು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂತು. ಅಧಿಕಾರಿಯ ಕೋಣೆಯ ಹೊರಗೆ ಕೂತಿದ್ದ ಗುಮಾಸ್ತ ನನ್ನ ಹೆಸರು ಪಟ್ಟಿಯಲ್ಲಿಲ್ಲ ಎಂದ. ಆಗಲೇ ಶುರುವಾಗಿದೆ, ಮುಗಿದ ಮೇಲೆ ಬನ್ನಿ ಎಂದ. ಬಾಗಿಲ ಸಣ್ಣ ಗಾಜಿನಲ್ಲಿ ತಂಗಿಯ ಬೆನ್ನು ಕಾಣುತ್ತಿತ್ತು. ಅವಳ ಮುಂದೆ ಒಂದು ಹಾಳೆ, ಅದರ ಮೇಲೆ ಪೆನ್ನು ಇಟ್ಟಿದ್ದರು. ಮುಗಿಯುವವರೆಗೆ ಕಾಯುವುದೇ? ಗುಮಾಸ್ತನಿಗೆ ಕ್ಷಮಿಸಿ ಎಂದು ಹೇಳಿ ಬಾಗಿಲು ತಳ್ಳಿದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಬಹಳ ದಿನಗಳ ಮೇಲೆ.

ಮೇಜಿನ ಆ ಕಡೆ ಮೂವರು. ನಡುವೆ ಅಧಿಕಾರಿ, ಬಿಳಿ ಕೂದಲಿನ ಡಾಕ್ಟರಮ್ಮ. ಆಕೆ ನನ್ನನ್ನು ಗುರುತಿಸಿ, ನೀವು ಬರುವ ಅಗತ್ಯವೇ ಇರಲಿಲ್ಲ, ನಿಮ್ಮ ಹಳೆಯ ವರದಿಯೇ ಸಾಕಿತ್ತು, ಇವರೂ ಒಪ್ಪಿಕೊಂಡಿದ್ದಾರೆ ಎಂದರು. ಒಪ್ಪಿಕೊಂಡದ್ದು ಏನನ್ನು ಎಂದು ಕೇಳುತ್ತ ತಂಗಿಯ ಕಡೆ ನೋಡಿದೆ. ಅವಳು ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು ಅವುಗಳ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಕಣ್ಣು ತಗ್ಗಿಸಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ನೋಟ ಅದು.

ಡಾಕ್ಟರಮ್ಮ ಒಂದು ನೋಟುಬುಕ್ಕನ್ನು ನನ್ನ ಕಡೆ ಸರಿಸಿದರು. ತಂಗಿಯ ಅಕ್ಷರ. ಮೊದಲ ಪುಟಗಳಲ್ಲಿ ತಾರೀಖು, ಹೊತ್ತು, ಅದರ ಮುಂದೆ ಕೈ ಎಲ್ಲಿತ್ತು ಎಂಬ ವಿವರ. 'ಬಲಗೈ ಕೋಟಿನ ಜೇಬು. ಎಡಗೈಯಲ್ಲಿ ಪೆನ್ನು.' 'ಒಂದು ಸಲ ಒತ್ತಿ ಕೈ ಕಟ್ಟಿಕೊಂಡೆ.' ನನ್ನ ಎರಡನೆಯ ವರದಿಯ ತಾರೀಖಿನ ನಂತರ ಬರಹ ಬೇರೆಯಾಗಿತ್ತು. 'ತೋರುಬೆರಳಿಗೆ ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಿದೆ.' 'ನರದ ಡಾಕ್ಟರಿಗೆ ತೋರಿಸಿದೆ. ಏನೂ ಇಲ್ಲ ಅಂದರು. ಏನೂ ಇಲ್ಲದಿದ್ದರೆ ಹೇಗೆ?' ಕೊನೆಯ ಬರಹ ಅಂದಿನದೇ, ಮಧ್ಯಾಹ್ನದ್ದು: 'ಕೈ ತಲೆ ಮೇಲಿತ್ತು ಅಂತ ಅಂದುಕೊಂಡಿದ್ದೇನೆ. ಆದರೆ ಅಕ್ಕ ನೋಡಿ ಹೇಳಿದ ಮೇಲೆ ತಪ್ಪಿರುವುದಿಲ್ಲ. ನನಗೇ ಗೊತ್ತಾಗದ ಹಾಗೆ ಒತ್ತುತ್ತಿದ್ದೇನೆ.'

ಅವಳ ಮುಂದಿದ್ದ ಹಾಳೆಯನ್ನೂ ಓದಿದೆ. ನನ್ನ ಕೈ ನನ್ನ ಹತೋಟಿಯಲ್ಲಿಲ್ಲ, ನನ್ನಿಂದ ಯಾರ ಜೀವಕ್ಕೂ ಅಪಾಯವಾಗಬಾರದು, ಆದ್ದರಿಂದ ನನ್ನನ್ನು ಕೆಲಸದಿಂದ ಬಿಡಿಸಬೇಕು ಎಂದು ಅವಳೇ ಬರೆದುಕೊಟ್ಟಿದ್ದಳು. ಸಹಿಯೊಂದೇ ಬಾಕಿಯಿತ್ತು.

ನಾನು ಆ ಹಾಳೆಯನ್ನು ಎತ್ತಿ ನಾಲ್ಕು ಚೂರು ಮಾಡಿದೆ. ಡಾಕ್ಟರಮ್ಮನ ಪಕ್ಕದವರು ಎದ್ದು ನಿಂತರು. ಕೂತ್ಕೊಳ್ಳಿ ಎಂದೆ, ಕೂತರು.

"ಇವಳು ಒತ್ತಿದ್ದು ಒಂದೇ ಸಲ" ಎಂದೆ. "ಮೂರು ದಿನವೂ ಒಂದೊಂದೇ ಸಲ. ಉಳಿದಿದ್ದೆಲ್ಲ ಒತ್ತಿದ್ದು ನಾನು, ನಾಲ್ಕು ವರ್ಷದ ಹಿಂದೆ. ನನ್ನ ಎರಡೂ ವರದಿ ತಪ್ಪು. ಸೆಕೆಂಡು ನೋಡದೆ ಬರೆದೆ. ಇವಳು ಹೇಳಿದ್ದನ್ನ ನಂಬದೆ ಬರೆದೆ."

ಆಮೇಲೆ ಹಾಳೆಗಳನ್ನು ಹರಡಿ ಒಂದೊಂದಾಗಿ ತೋರಿಸಿದೆ. ಹನ್ನೆರಡನೆಯ ಸೆಕೆಂಡು, ನಲವತ್ತೊಂದನೆಯ ಸೆಕೆಂಡು, ಏಳನೆಯ ಸೆಕೆಂಡು. ಪಕ್ಕದ ಕಿಟಕಿ. ತೋರಿಸುವ ಕಡೆ ಕೂತ ಮೂರು ಸಾಲು. 'ನಾಳೆ ಸರಿ ಮಾಡಬೇಕು' ಎಂಬುದನ್ನು ಡಾಕ್ಟರಮ್ಮ ಗಟ್ಟಿಯಾಗಿ ಓದಿದರು, ತಾರೀಖಿನ ಸಮೇತ. ಇವರ ಪುಟದಲ್ಲಿ ಮಾತ್ರ ಯಾಕೆ ಹೀಗಾಯಿತು ಎಂದು ಕೇಳಿದರು. ಫ್ರಿಜ್ಜನ್ನು ನೋಡಿಕೊಳ್ಳುತ್ತಿದ್ದದ್ದು ಇವಳೊಬ್ಬಳೇ ಆದ್ದರಿಂದ ಎಂದೆ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇವತ್ತು ಇವರು ಗಾಜು ಒಡೆಯದಿದ್ದರೆ ಏನಾಗುತ್ತಿತ್ತು ಗೊತ್ತೇ ಎಂದರು. ಗೊತ್ತು, ಒಡೆಯಬೇಡ ಅಂದವಳೂ ನಾನೇ ಎಂದೆ.

ಮೆಮೊ ಅಲ್ಲೇ ರದ್ದಾಯಿತು. ನನ್ನ ಮೇಲೆ ಆಸ್ಪತ್ರೆಯವರು ಕಂಪನಿಗೆ ಪತ್ರ ಬರೆದರು, ಕಂಪನಿ ನನ್ನನ್ನು ಆ ಆಸ್ಪತ್ರೆಯ ಕೆಲಸದಿಂದ ತೆಗೆಯಿತು. ಮಾಡಿದ್ದಕ್ಕೆ ತಕ್ಕದ್ದೇ ಆಯಿತು, ನನಗೆ ದೂರಿಲ್ಲ. ಅಂದು ತಂಗಿ ಮಾತ್ರ ಆ ಕೋಣೆಯಿಂದ ಹೊರಬಂದು ನನ್ನನ್ನು ದಾಟಿ ನಡೆದಳು. ಮೆಟ್ಟಿಲ ಹತ್ತಿರ ನಿಂತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಆ ಭಾನುವಾರ ಮನೆಯಲ್ಲಿ ಎಲ್ಲರ ಮುಂದೆ ನಡೆದದ್ದನ್ನು ಹೇಳಿದೆ. ಅಮ್ಮ ನಗಲಿಲ್ಲ. ಆ ಹೆಸರನ್ನು ಇನ್ನು ಯಾರಾದರೂ ಎತ್ತಿದರೆ ಜಾಗ್ರತೆ ಎಂದು ಮಕ್ಕಳಿಗೆ ಹೇಳಿ, ಹೇಳುತ್ತಲೇ ನನ್ನ ಮುಖ ನೋಡಿದಳು.

ಹತ್ತು ದಿನದ ಮೇಲೆ ಮೇಷ್ಟ್ರು ಸರಿಪಡಿಸಿದ್ದನ್ನು ಆಸ್ಪತ್ರೆಯಲ್ಲಿ ಕೂರಿಸಿದರು. ಅವರು ಕೇಳಿಕೊಂಡಿದ್ದರಿಂದ ನನ್ನನ್ನೂ ಆ ಒಂದು ದಿನಕ್ಕೆ ಕಳಿಸಿದರು. ರಕ್ತನಿಧಿಯ ಕೋಣೆ ತಣ್ಣಗಿತ್ತು. ಗೋಡೆಯ ಪೆಟ್ಟಿಗೆಗೆ ಹೊಸ ಗಾಜು ಹಾಕಿದ್ದರು. ತಂಗಿ ತನ್ನ ಪುಟ ತೆರೆದಳು, ಎಡಗಡೆ ಚೀಲ, ಬಲಗಡೆ ತಾಪಮಾನ, ಏನನ್ನೂ ಬದಲಾಯಿಸಿರಲಿಲ್ಲ. ರೋಗಿಯ ಹೆಸರು ಆರಿಸಿದಳು. ಒಂದು ಸಲ ಒತ್ತಿದಳು. ಉಳಿದದ್ದು ಐದು ಎಂದು ತೋರಿಸಿತು.

ಒತ್ತಿದವಳೇ ಎದ್ದು ಗೋಡೆಗೆ ಒರಗಿ ನಿಂತು ಎರಡೂ ಕೈ ಎತ್ತಿ ತಲೆ ಮೇಲಿಟ್ಟುಕೊಂಡಳು. ಅವಳಿಗೆ ಅದು ಗೊತ್ತೇ ಆದಂತಿರಲಿಲ್ಲ. ಒಂದು ನಿಮಿಷವಾಯಿತು, ಪುಟ ಮಿನುಗಿತು, ಐದು ಐದಾಗೇ ಇತ್ತು. ಎರಡನೆಯ ನಿಮಿಷವೂ ಕಳೆಯಿತು, ಐದೇ. ಮೇಷ್ಟ್ರು ನೋಡಲಾರದೆ ಹೊರಗೆ ಹೋದರು.

"ಸರಿಯಾಗಿದೆ ಕಣೇ" ಎಂದೆ. "ಕೈ ಇಳಿಸು."

"ಇರು" ಎಂದಳು ತಂಗಿ ಪರದೆಯಿಂದ ಕಣ್ಣು ತೆಗೆಯದೆ. "ಇನ್ನೊಂದು ನಿಮಿಷ ನೋಡೋಣ."

ಹೋಗಿ ಅವಳ ಪಕ್ಕದಲ್ಲಿ ಗೋಡೆಗೆ ಒರಗಿ, ನಾನೂ ಎರಡೂ ಕೈ ಎತ್ತಿ ತಲೆ ಮೇಲಿಟ್ಟುಕೊಂಡು ನಿಂತೆ.